ಬಾಡಿಗೆಯ ಕಾಲಂ

ಗಂಗಾವತಿ ಹಳೆ ಬಸ್‌ಸ್ಟ್ಯಾಂಡಿನ ಹಿಂದೆ ನನ್ನ ಅಂಗಡಿ.
ಝೆರಾಕ್ಸು, ಪಾನ್ ಕಾರ್ಡು, ಪಹಣಿ, ಪಾಸ್‌ಪೋರ್ಟ್ ಸೈಜಿನ ಫೋಟೊ.
ರೈಸ್‌ಮಿಲ್ಲಿನ ತೌಡು ಹಾರಿ ಬಂದು ಕೀಬೋರ್ಡಿನ ಮೇಲೆ ಕೂರುತ್ತದೆ.
ದಿನಕ್ಕೆರಡು ಸಲ ಊದಬೇಕು, ಇಲ್ಲವಾದರೆ
ಸೊನ್ನೆ ಒತ್ತಿದರೆ ಬೀಳುವುದಿಲ್ಲ.

ಸೋಮವಾರ ಇಬ್ಬರು ಮುದುಕಿಯರು ಆನೆಗೊಂದಿಯಿಂದ
ಒಂದೇ ಆಟೋದಲ್ಲಿ ಬಂದರು.
ಒಬ್ಬಾಕೆ ಗಾಳೆಮ್ಮ. ಬಾಳೆನಾರು ಹೊಸೆದು ಹೊಸೆದು
ಹೆಬ್ಬೆರಳಿನ ಗೆರೆ ಸವೆದವಳು;
ಥಂಬ್ ಕೊಟ್ಟರೆ ಯಂತ್ರ
'ಮತ್ತೆ ಪ್ರಯತ್ನಿಸಿ' ಅನ್ನುತ್ತದೆ.
ಇನ್ನೊಬ್ಬಾಕೆ ಗೊದೆಲೀವ್, ಬೆಲ್ಜಿಯಂ ದೇಶದ ಗೆಂಟ್ ಊರಿನವಳು.
ಊರವರ ಬಾಯಲ್ಲಿ ಆ ಹೆಸರು ನಿಲ್ಲಲಿಲ್ಲ,
ಎತ್ತು ಮೇವು ತಿನ್ನುವ ಗ್ವಾದ್ಲಿಯಾಗಿ ನಿಂತಿತು.

ಟ್ರಾಮಿನಲ್ಲಿ ಮೂವತ್ತಾರು ವರ್ಷ ಟಿಕೆಟ್ ನೋಡಿದವಳು ಗ್ವಾದ್ಲಿ,
ಟಿಕೆಟ್ ಇಲ್ಲದವರನ್ನು ಮುಂದಿನ ಸ್ಟಾಪಿನಲ್ಲಿ ಇಳಿಸಿದವಳು.
ಈಗ ಅವಳನ್ನೇ ನೂರಾ ಎಂಬತ್ತು ದಿನಕ್ಕೊಮ್ಮೆ
ದೇಶ ಇಳಿಸುತ್ತದೆ.
ಕೊಲಂಬೊಗೆ ಹೋಗಿ ಮುಟ್ಟಿ ಬರುತ್ತಾಳೆ,
ಕುಂಟಾಬಿಲ್ಲೆಯ ಹುಡುಗಿ
ಕೊನೆಯ ಮನೆ ತುಳಿದು ತಿರುಗಿದ ಹಾಗೆ,
ಒಂದೇ ಕಾಲಲ್ಲಿ.

ಮುದುಕರಿಗೆಂದೇ ವೀಸಾ ಕೊಡುವ ದೇಶಗಳಿವೆಯಂತೆ.
ತಿಂಗಳ ಪಿಂಚಣಿ ಇಷ್ಟಿರಲಿ ಅನ್ನುತ್ತದೆ ಒಂದು,
ಬ್ಯಾಂಕಿನಲ್ಲಿ ಗಂಟಿಡು, ಮುಟ್ಟಬೇಡ ಅನ್ನುತ್ತದೆ ಇನ್ನೊಂದು,
ಮತ್ತೊಂದಕ್ಕೆ ಎದೆಯ ಎಕ್ಸ್‌ರೇ ಬೇಕು.
ಪಟ್ಟಿ ಮಾಡಿ ತಂದಿದ್ದಳು ಚೌಕಳಿ ಹಾಳೆಯಲ್ಲಿ;
ಯಾವುದರ ಪಕ್ಕ ನಿಲ್ಲಿಸಿದರೂ ಅವಳ ಪಿಂಚಣಿ
ಗೇಣು ಗಿಡ್ಡ.
ನಮ್ಮಲ್ಲಿ ಆ ಬಗೆಯದು ಇಲ್ಲ, ಪ್ರವಾಸಿಯದು ಇದೆ.
ಒಂಬತ್ತು ವರ್ಷದಿಂದ ಪ್ರವಾಸಿ ಆಕೆ,
ಗಾಳೆಮ್ಮನ ಹಿಂದಿನ ಕೋಣೆಯಲ್ಲಿ,
ನುಗ್ಗೆಗಿಡಕ್ಕೆ ನೀರು ಹಾಕಿಕೊಂಡು.

'ಮನಿ ಕೊಟ್ಟವರ ಫಾರಂ ಬೇಕು,' ಎಂದೆ, 'ಬಾಡಿಗಿ ಎಷ್ಟು?'
'ಮೂರೂವರಿ ಸಾವಿರ,' ಎಂದಳು ಗ್ವಾದ್ಲಿ, ನಮ್ಮ ಮಾತಲ್ಲೇ.
ಬೆರಳು ಕೀಲಿಯ ಮೇಲೆ ನಿಂತಿತು.

ಪಕ್ಕದ ಕಿಟಕಿಯಲ್ಲಿ ತೆರೆದೇ ಇತ್ತು
ಗಾಳೆಮ್ಮನ ಸಂಧ್ಯಾ ಸುರಕ್ಷಾ ಅರ್ಜಿ.
ವರ್ಷದ ವರಮಾನ ಮೂವತ್ತೆರಡು ಸಾವಿರ ದಾಟಬಾರದು.
ಮೂರೂವರೆ ಹನ್ನೆರಡಲೆ ನಲವತ್ತೆರಡು.
ಆಕೆ ಉಣ್ಣಲು ಇದೆ ಅಂತ ತೋರಿಸಬೇಕು,
ಈಕೆ ಇಲ್ಲ ಅಂತ.
ವಿಳಾಸ ಒಂದೇ, ಕರೆಂಟ್ ಬಿಲ್ಲು ಒಂದೇ,
ನಾನು ತೆಗೆದ ಝೆರಾಕ್ಸೂ ಅದೇ.

ಹೇಳಿದೆ.
ಗಾಳೆಮ್ಮ ಎಲೆಯಡಿಕೆಯನ್ನು ಆ ದವಡೆಯಿಂದ ಈ ದವಡೆಗೆ ದಾಟಿಸಿ
'ಬಾಡಿಗಿ ಅಂತ ಯಾರಂದ್ರು?
ತಿಂಗ್ಳಾ ಕೈಗಡ ಕೊಡ್ತಾಳ, ನಾ ತಿರುಗಿ ಕೊಡಂಗಿಲ್ಲ.
ಬರಕಾ, ಹಂಗ ಇಟ್ಗಂಡೀನಿ ಅಂತ.'

'ಸುಳ್ಳು ಅದು,' ಅಂದಳು ಗ್ವಾದ್ಲಿ,
ಹಳೆಯ ಟ್ರಾಮಿನ ಮುಖ ಮಾಡಿ.

'ಸುಳ್ಳ್ಯಾಕ ಅಕ್ಕೈತಿ ಬೇ?
ಹ್ವಾದ ಮಳಿಗಾಲದ ಜ್ವರದಾಗ
ಹದಿನೇಳು ದಿನ ಗಂಜಿ ಕಾಸಿ ಹಾಕಿದ್ನೆಲ್ಲ,
ಅದಕ್ಕ ಬಿಲ್ ಕೊಟ್ಟೀನೇನು?'

ಅವಳು ಮಾತಾಡಲಿಲ್ಲ. ಪಟ್ಟಿಯ ಹಾಳೆ ಮಡಚಿದಳು,
ಮಡಚಿದ್ದನ್ನು ಮತ್ತೆ ಮಡಚಿದಳು.

ಮುಂದಿನ ಕಾಲಂ: ಮನೆಯವರಿಗೂ ಅತಿಥಿಗೂ ಸಂಬಂಧ.
ಬಾಣ ಒತ್ತಿದರೆ ಪಟ್ಟಿ ಇಳಿಯಿತು,
ಗಂಡ, ಹೆಂಡತಿ, ನೌಕರ, ಬಾಡಿಗೆದಾರ.
'ಅಕ್ಕ ತಂಗಿ ಐತೇನು ನೋಡು.'
'ಐತಿ. ದಾಖಲಿ ಕೇಳ್ತೈತಿ.'
ತಳದಲ್ಲಿ 'ಇತರೆ' ಇತ್ತು. ಒತ್ತಿದೆ.
'ವಿವರಿಸಿ' ಎಂದು
ನಲವತ್ತು ಅಕ್ಷರ ಹಿಡಿಯುವ ಬಿಳಿ ಜಾಗ ತೆರೆಯಿತು.

ಕೇಳೋಣವೆಂದು ತಲೆ ಎತ್ತಿದರೆ ಇಬ್ಬರೂ ಹೊರಗೆ,
ಮಿರ್ಚಿ ಬಂಡಿಯ ಮುಂದೆ,
ರೊಕ್ಕ ನಾನು ಕೊಡ್ತೀನಿ ನಾನು ಕೊಡ್ತೀನಿ ಎಂದು
ಕೈ ಕೈ ಹಿಡಿದು ಜಗಳ.

ಮೊದಲು ಬಾಡಿಗೆಯದು ಮುಗಿಸೋಣ ಎಂದು ಸೊನ್ನೆ ಒತ್ತಿದೆ.
ಬೀಳಲಿಲ್ಲ.
ಬಾಗಿ, ತೌಡು ಊದಿ,
ಇನ್ನೊಮ್ಮೆ ಒತ್ತಿದೆ.